ಆದಿಮಾನವನ ಊಟ

ಮಧ್ಯಾಹ್ನ ಊಟಕ್ಕೆ ಕುಳಿತಾಗ ನಮ್ಮ ಎಲೆಯ ಮೇಲೆ ಏನೇನು ಬೀಳುತ್ತದೆ? ಅನ್ನ, ರಾಗಿಯ ಮುದ್ದೆ ಅಥವಾ ಜೋಳದ ರೊಟ್ಟಿ, ಬೇಳೆಯ ಸಾರು, ಒಂದು ಪಲ್ಯ, ಕಡೆಗೆ ಮಜ್ಜಿಗೆ. ತಲೆತಲಾಂತರದಿಂದ ನಡೆದುಬಂದಿರುವ ಈ ಊಟದಲ್ಲಿ ಮನೆಯ ಹಿರಿಯರಾರೂ ದೋಷವನ್ನು ಕಾಣಲಾರರು. ಆದರೆ ಅನ್ನ, ಮುದ್ದೆ, ರೊಟ್ಟಿಗಳನ್ನು ಎಲೆಯಿಂದ ಎತ್ತಿಡಿರಿ, ಬೇಳೆಯನ್ನು ಮುಟ್ಟಬೇಡಿರಿ, ಮಜ್ಜಿಗೆಯನ್ನೂ ಬಿಟ್ಟುಬಿಡಿರಿ ಎಂದು ಬೋಧಿಸುವ ಒಂದು ಪಂಥವು ಈಚಿನ ಕೆಲವು ದಶಕಗಳಲ್ಲಿ ತಲೆಯೆತ್ತಿದೆ. ಹಾಗಾದರೆ ತಿನ್ನುವುದೇನನ್ನು? ಮಾಂಸ, ಮೀನು, ಮೊಟ್ಟೆ, ಹಣ್ಣು, ಸೊಪ್ಪು, ತರಕಾರಿ, ಕಾಯಿಬೀಜಗಳು. ಎಂದರೆ, ಬೇಸಾಯವನ್ನರಿಯದ ಆದಿಮಾನವನು ಬೇಟೆಯಾಡಿ, ಅಲೆದು, ಆಯ್ದು ತರುತ್ತಿದ್ದನೆಂದು ಭಾವಿಸಲಾದ ಪದಾರ್ಥಗಳು. ಪ್ರಾಚೀನ ಶಿಲಾಯುಗದ ಹೆಸರನ್ನೇ ಹೊತ್ತು ಇದು ‘ಪೇಲಿಯೊ ಆಹಾರ’ವೆಂದು ಪ್ರಸಿದ್ಧವಾಗಿದೆ.

ಇದನ್ನು ನಕ್ಕು ತಳ್ಳಿಹಾಕುವುದು ಸುಲಭ. ಆದರೆ ಹಾಗೆ ಮಾಡುವಂತಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ಒಂದು ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ ಮಧುಮೇಹವಿರುವವರ ಸಂಖ್ಯೆ ಸುಮಾರು 10.1 ಕೋಟಿ. ಊಟದಲ್ಲಿ ಎಲ್ಲಿಯೋ ತಪ್ಪಿದ್ದೇವೆಂಬ ಶಂಕೆ ನಿರಾಧಾರವಾದುದಲ್ಲ. ತಪ್ಪಿದುದು ಎಲ್ಲಿ? ಹನ್ನೆರಡು ಸಾವಿರ ವರ್ಷಗಳ ಹಿಂದೆ, ಮನುಷ್ಯನು ಮೊದಲ ತೆನೆಯನ್ನು ಬಿತ್ತಿ ಬೆಳೆದಾಗಲೇ? ಅಥವಾ ಅದಕ್ಕಿಂತ ಬಹಳ ಈಚೆಗೆ? ಈ ಪ್ರಶ್ನೆಗೆ ವಿಜ್ಞಾನವು ಕೊಡುವ ಉತ್ತರವನ್ನು ಇಲ್ಲಿ ವಿಚಾರಿಸೋಣ.

ವಾದದ ತಿರುಳು

1975ರಲ್ಲಿ ವಾಲ್ಟರ್ ವೋಗ್ಟ್‌ಲಿನ್ ಎಂಬ ಅಮೆರಿಕದ ವೈದ್ಯರು ಶಿಲಾಯುಗದ ಆಹಾರವನ್ನು ಕುರಿತು ಒಂದು ಪುಸ್ತಕವನ್ನು ಬರೆದರು. ಅದಕ್ಕೆ ಹೆಚ್ಚಿನ ಪ್ರಚಾರವು ದೊರೆಯಲಿಲ್ಲ. ವಿದ್ವಾಂಸರ ಗಮನವನ್ನು ಸೆಳೆದುದು 1985ರಲ್ಲಿ ಅಮೆರಿಕದ ಒಂದು ಪ್ರಮುಖ ವೈದ್ಯಪತ್ರಿಕೆಯಲ್ಲಿ ಬಾಯ್ಡ್ ಈಟನ್ ಮತ್ತು ಮೆಲ್ವಿನ್ ಕಾನರ್ ಎಂಬಿಬ್ಬರು ಪ್ರಕಟಿಸಿದ ಲೇಖನ. ಈಟನ್ ವೈದ್ಯರು, ಕಾನರ್ ಮಾನವಶಾಸ್ತ್ರಜ್ಞರು. 2002ರಲ್ಲಿ ಲೋರೆನ್ ಕಾರ್ಡೇನ್ ಎಂಬುವರ ಪುಸ್ತಕವು ಹೊರಬಂದ ಮೇಲೆ ಈ ಮಾತು ಪ್ರಯೋಗಶಾಲೆಯನ್ನು ದಾಟಿ ಬೀದಿಗೆ ಬಂದಿತು.

ವಾದವು ಇಷ್ಟೇ. ನಮ್ಮ ಜಾತಿಯ ಮಾನವನು ಭೂಮಿಯ ಮೇಲೆ ಕಾಣಿಸಿಕೊಂಡು ಸುಮಾರು 3 ಲಕ್ಷ ವರ್ಷಗಳಾದುವು. ಬೇಸಾಯವು ಪ್ರಾರಂಭವಾಗಿ ಸುಮಾರು 12,000 ವರ್ಷಗಳು ಮಾತ್ರ. ಆ 3 ಲಕ್ಷ ವರ್ಷಗಳನ್ನು ಒಂದು ದಿನವೆಂದು ಎಣಿಸಿದರೆ, ನಾವು ನೇಗಿಲಿನ ಅನ್ನವನ್ನು ಉಣ್ಣತೊಡಗಿದುದು ರಾತ್ರಿ ಹನ್ನೊಂದು ಗಂಟೆಗೆ. ಜೀವಿಗಳ ದೇಹಪ್ರಕೃತಿಯು ಬದಲಾಗಲು ದೀರ್ಘಕಾಲವು ಬೇಕು. ಆದುದರಿಂದ ನಮ್ಮ ಶರೀರವು ಇನ್ನೂ ಬೇಟೆಗಾರನ ಶರೀರವೇ; ಅದಕ್ಕೆ ಒಗ್ಗದ ಧಾನ್ಯ, ಬೇಳೆ, ಹಾಲುಗಳನ್ನು ತುಂಬುತ್ತಿರುವುದರಿಂದಲೇ ಮಧುಮೇಹ, ಹೃದ್ರೋಗ, ಬೊಜ್ಜುಗಳು ಬಂದಿವೆ. ಕೇಳುವುದಕ್ಕೆ ಸರಳವಾದ, ಮನಸ್ಸಿಗೆ ಹಿಡಿಸುವ ವಾದ. ಆದರೆ ಇದು ನಿಲ್ಲಬೇಕಾದರೆ ಎರಡು ಸಂಗತಿಗಳು ನಿಜವಾಗಿರಬೇಕು: ಆದಿಮಾನವನು ಧಾನ್ಯವನ್ನು ತಿನ್ನುತ್ತಿರಲಿಲ್ಲವೆಂಬುದು ಒಂದು, ಅಂದಿನಿಂದ ನಮ್ಮ ಶರೀರವು ಬದಲಾಗಿಲ್ಲವೆಂಬುದು ಇನ್ನೊಂದು. ಎರಡನ್ನೂ ಒಂದೊಂದಾಗಿ ಪರೀಕ್ಷಿಸೋಣ.

ಸತ್ತವನ ಊಟವನ್ನು ತಿಳಿಯುವ ಬಗೆ

ಲಕ್ಷಾಂತರ ವರ್ಷಗಳ ಹಿಂದೆ ಸತ್ತವನು ಏನನ್ನು ತಿಂದನೆಂದು ತಿಳಿಯುವುದು ಹೇಗೆ? ಹಳೆಯ ಮಾರ್ಗವೆಂದರೆ ಮೂಳೆ. ಕಲ್ಲಿನ ಉಪಕರಣಗಳ ಬಳಿ ಪ್ರಾಣಿಗಳ ಮೂಳೆಗಳು ದೊರೆತು, ಅವುಗಳ ಮೇಲೆ ಕತ್ತರಿಸಿದ ಗೆರೆಗಳಿದ್ದರೆ, ಅಲ್ಲಿ ಮಾಂಸವನ್ನು ಕೊಯ್ದರೆಂದು ನಿಶ್ಚಯಿಸಬಹುದು. ಆದರೆ ಈ ಮಾರ್ಗದಲ್ಲಿ ಒಂದು ಮೋಸವಿದೆ. ಮೂಳೆಯೂ ಕಲ್ಲೂ ಉಳಿಯುತ್ತವೆ. ಸೊಪ್ಪು, ಹಣ್ಣು, ಗೆಡ್ಡೆಗಳು ಕೊಳೆತು ಮಣ್ಣಾಗುತ್ತವೆ. ಮದುವೆಯ ಮನೆಯ ಹಿತ್ತಲನ್ನು ವರ್ಷದ ಮೇಲೆ ಅಗೆದು ನೋಡಿದವನಿಗೆ ಮಾವಿನ ಓಟೆಗಳಷ್ಟೇ ಸಿಕ್ಕಿದರೆ, ಅತಿಥಿಗಳು ಮಾವಿನ ಹಣ್ಣನ್ನು ಮಾತ್ರ ತಿಂದು ಹೋದರೆಂದು ಹೇಳಬಹುದೇ? ಆದಿಮಾನವನನ್ನು ಕೇವಲ ಮಾಂಸಾಹಾರಿಯೆಂದು ಬಹುಕಾಲ ಚಿತ್ರಿಸಿದುದಕ್ಕೆ ಈ ಮೋಸವೂ ಒಂದು ಕಾರಣ.

ಎರಡನೆಯ ಮಾರ್ಗವು ರಸಾಯನಶಾಸ್ತ್ರದ್ದು. ಪ್ರಕೃತಿಯಲ್ಲಿ ಸಾರಜನಕದ ಪರಮಾಣುಗಳು ಎರಡು ಬಗೆ: 14ರ ತೂಕದವು ಬಹಳ, 15ರ ತೂಕದವು ಅತ್ಯಲ್ಪ. ಇಂತಹ ಒಂದೇ ಧಾತುವಿನ ಬೇರೆ ಬೇರೆ ತೂಕದ ಪರಮಾಣುಗಳಿಗೆ ಐಸೊಟೋಪುಗಳೆಂದು ಹೆಸರು. ಹುಲ್ಲನ್ನು ಜಿಂಕೆ ತಿಂದಾಗ, ಜಿಂಕೆಯನ್ನು ತೋಳ ತಿಂದಾಗ, ಪ್ರತಿ ಮೆಟ್ಟಿಲಿನಲ್ಲಿಯೂ ಭಾರವಾದ ಪರಮಾಣುವಿನ ಪ್ರಮಾಣವು ಸ್ವಲ್ಪ ಏರುತ್ತದೆ. ಆದುದರಿಂದ ಮೂಳೆಯಲ್ಲಿ ಉಳಿದ ಪ್ರೋಟೀನನ್ನು ಪರೀಕ್ಷಿಸಿ, ಅದರ ಒಡೆಯನು ಯಾವ ಮೆಟ್ಟಿಲಿನಲ್ಲಿದ್ದನೆಂದು ಹೇಳಬಹುದು. ಕ್ರೊಯೇಷಿಯದ ವಿಂಡಿಯಾ ಗುಹೆಯಲ್ಲಿ ದೊರೆತ ನಿಯಾಂಡರ್ತಾಲ್ ಮಾನವರ ಮೂಳೆಗಳನ್ನು ಹೀಗೆ ಪರೀಕ್ಷಿಸಿದಾಗ, ಅವರು ಬೇಟೆಯ ಮೃಗಗಳ ಮೆಟ್ಟಿಲಿನಲ್ಲಿಯೇ ಇದ್ದರೆಂದು 2000ದಲ್ಲಿ ತಿಳಿದುಬಂದಿತು. ಆದರೆ ಇಲ್ಲಿಯೂ ಎಚ್ಚರವು ಅಗತ್ಯ. ಈ ಪರೀಕ್ಷೆಯು ಮುಖ್ಯವಾಗಿ ಪ್ರೋಟೀನಿನ ಮೂಲವನ್ನು ತೋರಿಸುತ್ತದೆ. ಪ್ರೋಟೀನು ಕಡಿಮೆಯಿರುವ ಗೆಡ್ಡೆಗೆಣಸುಗಳನ್ನು ಎಷ್ಟೇ ತಿಂದಿದ್ದರೂ ಅವುಗಳ ಗುರುತು ಇದರಲ್ಲಿ ಮಂಕಾಗಿಯೇ ಇರುತ್ತದೆ.

ಮೂರನೆಯ ಮಾರ್ಗವು ಎಲ್ಲಕ್ಕಿಂತ ಸ್ವಾರಸ್ಯವಾದುದು. ಹಲ್ಲಿನ ಬುಡದಲ್ಲಿ ಗಟ್ಟಿಯಾಗಿ ಕಟ್ಟಿಕೊಳ್ಳುವ ಕಿಟ್ಟವನ್ನು ನಾವೆಲ್ಲರೂ ಬಲ್ಲೆವು. ದಂತವೈದ್ಯರು ಕೆರೆದು ಎಸೆಯುವ ಈ ಕಿಟ್ಟದಲ್ಲಿ, ತಿಂದ ಆಹಾರದ ಸೂಕ್ಷ್ಮಕಣಗಳು ಕಲ್ಲಿನಲ್ಲಿ ಹುದುಗಿದಂತೆ ಸಹಸ್ರಾರು ವರ್ಷ ಉಳಿಯುತ್ತವೆ. ಗೆಣಸಿನ ಪಿಷ್ಟದ ಕಣವೇ ಬೇರೆ, ಧಾನ್ಯದ ಪಿಷ್ಟದ ಕಣವೇ ಬೇರೆ. ಸೂಕ್ಷ್ಮದರ್ಶಕದಡಿಯಲ್ಲಿ ಅವುಗಳ ಆಕಾರದಿಂದ ಗಿಡದ ಜಾತಿಯನ್ನು ಗುರುತಿಸಬಹುದು. ಬೆಂದ ಕಣವು ಉಬ್ಬಿ ರೂಪಗೆಟ್ಟಿರುವುದರಿಂದ ಅಡಿಗೆಯ ಸುಳಿವೂ ಸಿಕ್ಕುತ್ತದೆ. ಇರಾಕಿನ ಶಾನಿದಾರ್ ಗುಹೆಯ ನಿಯಾಂಡರ್ತಾಲ್ ಮಾನವರ ಹಲ್ಲುಗಳಲ್ಲಿ ಬಾರ್ಲಿಯ ಜಾತಿಗೆ ಸೇರಿದ ಹುಲ್ಲುಬೀಜಗಳ ಕಣಗಳು ದೊರೆತುವೆಂದೂ, ಅವುಗಳಲ್ಲಿ ಕೆಲವು ಬೆಂದಿದ್ದುವೆಂದೂ 2011ರಲ್ಲಿ ಪ್ರಕಟವಾಯಿತು. ಮಾಂಸಾಹಾರಿಯೆಂದು ಹೆಸರಾದವನ ಬಾಯಲ್ಲಿಯೇ ಧಾನ್ಯವು ಸಿಕ್ಕಿಬಿದ್ದಿತು!

ಬೇಸಾಯಕ್ಕೆ ಮುಂಚಿನ ರೊಟ್ಟಿ

ಇನ್ನೂ ಕೆಲವು ಸಾಕ್ಷಿಗಳನ್ನು ನೋಡೋಣ. ದಕ್ಷಿಣ ಆಫ್ರಿಕದ ಬಾರ್ಡರ್ ಗುಹೆಯಲ್ಲಿ ಸುಮಾರು 1,70,000 ವರ್ಷಗಳ ಹಿಂದಿನ ಬೂದಿಯಲ್ಲಿ ಸುಟ್ಟ ಗೆಡ್ಡೆಗಳು ದೊರೆತಿವೆ. ಬೆಂಕಿಯಲ್ಲಿ ಗೆಣಸನ್ನು ಸುಟ್ಟು ತಿನ್ನುವ ಸುಖವು ಅಷ್ಟು ಹಳೆಯದು. ಇಸ್ರೇಲಿನ ಗಲಿಲಿ ಸರೋವರದ ನೀರು 1989ರಲ್ಲಿ ತಗ್ಗಿದಾಗ ದಂಡೆಯಲ್ಲಿ ಒಂದು ಹಳೆಯ ಬಿಡಾರವು ಬೆಳಕಿಗೆ ಬಂದಿತು. ಓಹಾಲೋ ಎಂದು ಹೆಸರಾದ ಈ ನೆಲೆಯು ಸುಮಾರು 23,000 ವರ್ಷಗಳಷ್ಟು ಹಳೆಯದು. ಎಂದರೆ ಬೇಸಾಯಕ್ಕಿಂತ ಹತ್ತು ಸಾವಿರ ವರ್ಷ ಹಿಂದಿನದು. ನೀರಿನಡಿಯಲ್ಲಿ ಗಾಳಿ ಸೋಕದೆ ಇದ್ದುದರಿಂದ ಅಲ್ಲಿಯ ಬೀಜಗಳೂ ಹಣ್ಣುಗಳೂ ಕೊಳೆಯದೆ ಉಳಿದುಬಂದುವು. ಅವುಗಳಲ್ಲಿ ಕಾಡುಬಾರ್ಲಿ, ಕಾಡುಗೋದಿಗಳು ಸೇರಿದ್ದುವು. ಅಲ್ಲಿಯೇ ದೊರೆತ ಒಂದು ಬೀಸುವ ಕಲ್ಲಿಗೆ ಧಾನ್ಯದ ಪಿಷ್ಟವು ಅಂಟಿಕೊಂಡಿದ್ದಿತು. ಜೋರ್ಡಾನಿನ ಶುಬೈಕಾ ಎಂಬಲ್ಲಿ, ಸುಮಾರು 14,400 ವರ್ಷಗಳ ಹಿಂದಿನ ಒಲೆಯಲ್ಲಿ ಕರಿಕಾದ ರೊಟ್ಟಿಯ ಚೂರುಗಳೇ ದೊರೆತವು. ಬಿತ್ತಿ ಬೆಳೆಯುವುದನ್ನು ಕಲಿಯುವುದಕ್ಕೆ ಮುಂಚೆಯೇ ಮನುಷ್ಯನು ರೊಟ್ಟಿಯನ್ನು ತಟ್ಟಲು ಕಲಿತಿದ್ದನು.

ಆದಿಮಾನವನ ಆರೋಗ್ಯವೂ ಎಲ್ಲೆಡೆಗಳಲ್ಲಿ ನಿರ್ದೋಷವಾಗಿರಲಿಲ್ಲ. ಮೊರಾಕೊ ದೇಶದ ತಾಫೊರಾಲ್ಟ್ ಗುಹೆಯಲ್ಲಿ ಸುಮಾರು 15,000 ವರ್ಷಗಳ ಹಿಂದೆ ವಾಸಿಸುತ್ತಿದ್ದ ಜನರು ಬೇಸಾಯವನ್ನು ಕಂಡವರಲ್ಲ. ಆದರೂ ಅವರಲ್ಲಿ ವಯಸ್ಕರ ಹಲ್ಲುಗಳಲ್ಲಿ ಅರ್ಧಕ್ಕರ್ಧ ಹುಳುಕಾಗಿದ್ದುವು! ಓಕ್ ಮರದ ಪಿಷ್ಟಭರಿತವಾದ ಕಾಯಿಗಳನ್ನು ಹೇರಳವಾಗಿ ತಿಂದುದೇ ಇದಕ್ಕೆ ಕಾರಣವೆಂದು ವಿದ್ವಾಂಸರು ಹೇಳುತ್ತಾರೆ.

ಒಂದೇ ಊಟವಲ್ಲ, ನೂರು ಊಟ

ಈಚಿನವರೆಗೂ ಬೇಟೆ ಮತ್ತು ಸಂಗ್ರಹಗಳಿಂದ ಜೀವಿಸುತ್ತಿದ್ದ ಜನರನ್ನು ನೋಡಿದರೂ ಇದೇ ಪಾಠವು ದೊರೆಯುವುದು. ಇವರು ಆದಿಮಾನವರಲ್ಲ, ನಮ್ಮ ಸಮಕಾಲೀನರೇ. ಆದರೂ ಬೇಸಾಯವಿಲ್ಲದ ಬದುಕು ಹೇಗಿರಬಹುದೆಂಬುದಕ್ಕೆ ನಿದರ್ಶನವನ್ನು ಒದಗಿಸುತ್ತಾರೆ.

ಉತ್ತರಧ್ರುವದ ಬಳಿಯ ಇನ್ಯುಯಿಟ್ ಜನರ ಸಾಂಪ್ರದಾಯಿಕ ಆಹಾರವು ಬಹುಮಟ್ಟಿಗೆ ಸೀಲ್, ತಿಮಿಂಗಿಲ, ಮೀನು, ಹಿಮಸಾರಂಗಗಳೇ. ತರಕಾರಿಯು ಅತ್ಯಲ್ಪವಾದ ಆ ನಾಡಿನಲ್ಲಿ ‘ಸಿ’ ಜೀವಸತ್ತ್ವವನ್ನು ಅವರು ತಿಮಿಂಗಿಲದ ಚರ್ಮದಿಂದಲೂ ಹಸಿ ಮಾಂಸದಿಂದಲೂ ಪಡೆಯುತ್ತಿದ್ದರು. ಆಫ್ರಿಕದ ಕಲಹಾರಿಯ ಕುಂಗ್ ಜನರಲ್ಲಿ ವ್ಯವಸ್ಥೆಯು ಇದಕ್ಕೆ ವಿರುದ್ಧ. 1963ರಿಂದ ಅವರ ನಡುವೆ ಇದ್ದು ಅಭ್ಯಾಸ ಮಾಡಿದ ರಿಚರ್ಡ್ ಲೀ ಎಂಬ ಮಾನವಶಾಸ್ತ್ರಜ್ಞರು ಅವರ ಆಹಾರವನ್ನು ದಿನದಿನವೂ ತೂಗಿ ನೋಡಿದರು. ಅದರಲ್ಲಿ ಹೆಚ್ಚಿನ ಭಾಗವು ಸಸ್ಯಮೂಲವಾದುದಾಗಿದ್ದು, ಮೊಂಗೊಂಗೊ ಎಂಬ ಮರದ ಕಾಯಿಯು ಅದರಲ್ಲಿ ಮುಖ್ಯವಾಗಿದ್ದಿತು. ತಿನ್ನಬಹುದಾದ ಎಂಬತ್ತಕ್ಕೂ ಹೆಚ್ಚು ಬಗೆಯ ಗಿಡಗಳನ್ನು ಅವರು ಬಲ್ಲವರಾಗಿದ್ದರು. ಗಂಡಸರು ಬೇಟೆಯಿಂದ ಎಷ್ಟೋ ದಿನ ಬರಿಗೈಯಲ್ಲಿ ಮರಳುತ್ತಿದ್ದರು. ಹೆಂಗಸರು ಆಯ್ದು ತಂದ ಕಾಯಿ, ಬೇರುಗಳೇ ಸಂಸಾರವನ್ನು ನಡೆಸುತ್ತಿದ್ದುವು. ಟಾಂಜಾನಿಯದ ಹಾಡ್ಜಾ ಜನರು ಗೆಡ್ಡೆ, ಹಣ್ಣು, ಮಾಂಸಗಳೊಂದಿಗೆ ಜೇನನ್ನು ಬಹಳವಾಗಿ ತಿನ್ನುವರು. ಒಂದು ಬಗೆಯ ಹಕ್ಕಿಯು ಕೂಗುತ್ತ ಮುಂದೆ ಮುಂದೆ ಹಾರಿ ಅವರಿಗೆ ಜೇನುಗೂಡಿನ ದಾರಿಯನ್ನು ತೋರಿಸುವುದುಂಟು. ನಮ್ಮ ಕೊಡಗು, ಮೈಸೂರು ಪ್ರಾಂತಗಳ ಜೇನುಕುರುಬರ ಹೆಸರಿನಲ್ಲಿಯೇ ಜೇನು ಸೇರಿಕೊಂಡಿರುವುದನ್ನು ಇಲ್ಲಿ ನೆನೆಯಬಹುದು.

ಹಾಗಾದರೆ ಇವುಗಳಲ್ಲಿ ಯಾವುದು ‘ಆದಿಮಾನವನ ಊಟ’? ಸೀಲಿನ ಕೊಬ್ಬೇ? ಕಾಡಿನ ಗೆಡ್ಡೆಯೇ? ಜೇನೇ? ಎಲ್ಲವೂ ಹೌದು. ಇದ್ದ ಕಡೆ ಇದ್ದುದನ್ನು ತಿಂದು ಬಾಳುವ ಶಕ್ತಿಯೇ ಮನುಷ್ಯನ ವಿಶೇಷ. ಬಿದಿರನ್ನು ಮಾತ್ರ ತಿನ್ನುವ ಪಾಂಡಾ ಬಿದಿರಿನ ಕಾಡನ್ನು ಬಿಟ್ಟು ಹೋಗಲಾರದು. ಮನುಷ್ಯನು ಧ್ರುವದಿಂದ ಮರುಭೂಮಿಯವರೆಗೆ ಹರಡಿದುದು ಅವನಿಗೆ ಒಂದೇ ಊಟವೆಂಬ ಕಟ್ಟು ಇಲ್ಲದುದರಿಂದಲೇ.

ಶರೀರವು ನಿಂತಲ್ಲಿಯೇ ನಿಂತಿದೆಯೇ?

ಇನ್ನು ಎರಡನೆಯ ಸಂಗತಿ. ವಾಚಕರು ಒಂದು ಸಣ್ಣ ಪ್ರಯೋಗವನ್ನು ಮಾಡಿ ನೋಡಬಹುದು. ಬರಿಯ ಅನ್ನವನ್ನಾಗಲಿ ರೊಟ್ಟಿಯ ತುಂಡನ್ನಾಗಲಿ ಬಾಯಲ್ಲಿಟ್ಟು, ನುಂಗದೆ, ಎರಡು ನಿಮಿಷ ಚೆನ್ನಾಗಿ ಅಗಿಯಿರಿ. ಮೊದಲು ಸಪ್ಪೆಯಾಗಿದ್ದುದು ಕ್ರಮೇಣ ಸಿಹಿಯಾಗುವುದು. ಜೊಲ್ಲಿನಲ್ಲಿರುವ ಅಮೈಲೇಸ್ ಎಂಬ ಕಿಣ್ವವು ಪಿಷ್ಟವನ್ನು ಒಡೆದು ಸಕ್ಕರೆಯ ಜಾತಿಯ ಪದಾರ್ಥವನ್ನಾಗಿ ಮಾಡುವುದೇ ಇದಕ್ಕೆ ಕಾರಣ. ಈ ಕಿಣ್ವವನ್ನು ತಯಾರಿಸುವ ಜೀನು ಚಿಂಪಾಂಜಿಯಲ್ಲಿ ಎರಡೇ ಪ್ರತಿಗಳಲ್ಲಿರುತ್ತದೆ. ಮನುಷ್ಯರಲ್ಲಿ ಅನೇಕರಿಗೆ ಅದಕ್ಕಿಂತ ಬಹಳ ಹೆಚ್ಚು ಪ್ರತಿಗಳಿವೆ. ಪಿಷ್ಟವನ್ನು ಹೆಚ್ಚಾಗಿ ತಿನ್ನುತ್ತ ಬಂದ ಜನಾಂಗಗಳಲ್ಲಿ ಈ ಪ್ರತಿಗಳು ಸರಾಸರಿಯಲ್ಲಿ ಹೆಚ್ಚೆಂದು 2007ರಲ್ಲಿ ತಿಳಿದುಬಂದಿತು. ಪ್ರತಿಗಳ ಈ ವೃದ್ಧಿಯು ಸುಮಾರು 8 ಲಕ್ಷ ವರ್ಷಗಳ ಹಿಂದೆಯೇ ಪ್ರಾರಂಭವಾಗಿರಬಹುದೆಂದು 2024ರ ಸಂಶೋಧನೆಯೊಂದು ಸೂಚಿಸಿದೆ. ಪಿಷ್ಟವು ನಮಗೆ ನಿನ್ನೆ ಮೊನ್ನೆಯ ಪರಿಚಯವಲ್ಲ.

ಹಾಲಿನ ಕಥೆಯು ಇನ್ನೂ ಸ್ಪಷ್ಟವಾದುದು. ಮೊಲೆಹಾಲು ಬಿಟ್ಟ ಮೇಲೆ ಹಾಲಿನ ಸಕ್ಕರೆಯನ್ನು ಜೀರ್ಣಿಸುವ ಕಿಣ್ವವು ಕ್ರಮೇಣ ಕುಗ್ಗಿಹೋಗುವುದು ಪ್ರಾಣಿಗಳ ಸಾಮಾನ್ಯ ನಿಯಮ. ಜಗತ್ತಿನ ವಯಸ್ಕರಲ್ಲಿ ಮೂರರಲ್ಲಿ ಎರಡು ಭಾಗದವರಲ್ಲಿ ಇಂದಿಗೂ ಹಾಗೆಯೇ ಆಗುವುದು. ಆದರೆ ದನಗಳನ್ನು ಸಾಕಿದ ಜನಾಂಗಗಳಲ್ಲಿ, ಕಳೆದ ಹತ್ತು ಸಾವಿರ ವರ್ಷಗಳ ಒಳಗೆ, ಈ ಕಿಣ್ವವು ಜೀವಮಾನವೆಲ್ಲ ಉಳಿಯುವಂತಹ ಬದಲಾವಣೆಗಳು ಹುಟ್ಟಿ ಹರಡಿದುವು. ಯೂರೋಪಿನಲ್ಲಿ ಒಂದು ಬಗೆಯದು, ಆಫ್ರಿಕದಲ್ಲಿ ಬೇರೆ ಬಗೆಯವು. ಯೂರೋಪಿನ ಬಗೆಯೇ ಭಾರತದಲ್ಲಿಯೂ ಕಾಣಬರುತ್ತದೆ. ಹಾಲು ಒಗ್ಗದವರಿಗೂ ಮೊಸರು ಮಜ್ಜಿಗೆಗಳು ಅನೇಕ ವೇಳೆ ಒಗ್ಗುವುದುಂಟು; ಏಕೆಂದರೆ ಹೆಪ್ಪಿನಲ್ಲಿರುವ ಸೂಕ್ಷ್ಮಜೀವಿಗಳು ಆ ಸಕ್ಕರೆಯ ಒಂದು ಭಾಗವನ್ನು ನಮ್ಮ ಪರವಾಗಿ ಮೊದಲೇ ಅರಗಿಸಿರುತ್ತವೆ.

ಬದಲಾದುದು ನಾವು ಮಾತ್ರವಲ್ಲ, ನಮ್ಮ ಆಹಾರವೂ ಬದಲಾಗಿದೆ. ಎಲೆಕೋಸು, ಹೂಕೋಸು, ನವಿಲುಕೋಸುಗಳು ಮೂರೂ ಒಂದೇ ಕಾಡುಗಿಡದಿಂದ ಒಕ್ಕಲುಮಕ್ಕಳು ಆಯ್ದು ಆಯ್ದು ರೂಪಿಸಿದವು. ಕಾಡುಬಾಳೆಯಲ್ಲಿ ತಿರುಳಿಗಿಂತ ಬೀಜವೇ ಹೆಚ್ಚು. ಕಾಡುಬಾದಾಮಿಯು ಕಹಿ, ವಿಷಕರ. ಅಂಗಡಿಯಿಂದ ಹೂಕೋಸನ್ನೂ ಬಾದಾಮಿಯನ್ನೂ ತಂದು ಶಿಲಾಯುಗದ ಊಟವನ್ನು ಉಂಡೆನೆನ್ನುವವನು, ತಾನು ಬಿಟ್ಟೆನೆಂದುಕೊಂಡ ರೈತನ ಕೈಯಿಂದಲೇ ಉಂಡಿರುತ್ತಾನೆ.

ವಾದದಲ್ಲಿರುವ ಸತ್ಯಾಂಶ

ಹೀಗಾದರೆ ಈ ಪಂಥದ ಮಾತೆಲ್ಲವೂ ಸುಳ್ಳೆಂದಾಯಿತೇ? ಇಲ್ಲ. ಆಸ್ಟ್ರೇಲಿಯದ ಕೆರಿನ್ ಓ’ಡೀ ಎಂಬ ವಿಜ್ಞಾನಿಯು 1984ರಲ್ಲಿ ಪ್ರಕಟಿಸಿದ ಪ್ರಯೋಗವೊಂದನ್ನು ಗಮನಿಸಬೇಕು. ಆ ಖಂಡದ ಮೂಲನಿವಾಸಿಗಳಲ್ಲಿ ಮಧುಮೇಹವಿದ್ದ ಹತ್ತು ಮಂದಿ ಏಳು ವಾರಗಳ ಕಾಲ ತಮ್ಮ ಪೂರ್ವಿಕರ ನೆಲಕ್ಕೆ ಮರಳಿ, ಬೇಟೆಯಾಡಿ, ಮೀನು ಹಿಡಿದು, ಗೆಣಸನ್ನೂ ಜೇನನ್ನೂ ಸಂಗ್ರಹಿಸಿ ಬಾಳಿದರು. ಅವರ ತೂಕವು ಸರಾಸರಿ 8 ಕಿಲೋಗ್ರಾಂ ಇಳಿಯಿತು. ಬರಿಹೊಟ್ಟೆಯ ರಕ್ತದಲ್ಲಿ ಪ್ರತಿ 100 ಮಿಲಿಲೀಟರಿಗೆ 209 ಮಿಲಿಗ್ರಾಂ ಆಸುಪಾಸಿನಲ್ಲಿದ್ದ ಸಕ್ಕರೆಯು 119ರ ಆಸುಪಾಸಿಗೆ ಬಂದಿತು. ಔಷಧಿಯ ಫಲವೆಂಬಂತೆ ತೋರುವ ಈ ಫಲವು ಬದುಕಿನ ಕ್ರಮದಿಂದ ದೊರೆತುದು.

ಆದರೆ ವಿಜ್ಞಾನದ ವಿದ್ಯಾರ್ಥಿಯು ಇಲ್ಲಿ ಒಂದು ಪ್ರಶ್ನೆಯನ್ನು ಕೇಳಲೇಬೇಕು: ಗುಣವಾದುದು ಯಾವುದರಿಂದ? ಆ ಏಳು ವಾರ ಅವರು ಬಿಟ್ಟುದು ಧಾನ್ಯವನ್ನು ಮಾತ್ರವಲ್ಲ. ಸಕ್ಕರೆ, ಮೈದಾ ಹಿಟ್ಟು, ಮದ್ಯ, ಸಿಹಿಪಾನೀಯಗಳನ್ನೂ ಬಿಟ್ಟಿದ್ದರು. ಉಂಡುದೂ ಕಡಿಮೆ, ದಿನಕ್ಕೆ ಸುಮಾರು 1,200 ಕ್ಯಾಲೊರಿಗಳಷ್ಟು. ಇದರ ಮೇಲೆ ದುಡಿಮೆಯೂ ನಡಿಗೆಯೂ ಸೇರಿದ್ದುವು. ಇಷ್ಟೊಂದು ಒಟ್ಟಿಗೆ ಬದಲಾದಾಗ ಕೀರ್ತಿಯನ್ನೆಲ್ಲ ಧಾನ್ಯತ್ಯಾಗವೊಂದಕ್ಕೇ ಕಟ್ಟುವುದು ನ್ಯಾಯವಲ್ಲ. ಪೇಲಿಯೊ ಆಹಾರವನ್ನೇ ನೇರವಾಗಿ ಪರೀಕ್ಷಿಸಿದ ಪ್ರಯೋಗಗಳೂ ಕೆಲವು ನಡೆದಿವೆ. ಸ್ವೀಡನಿನಲ್ಲಿ 29 ಮಂದಿ ಹೃದ್ರೋಗಿಗಳ ಮೇಲೆ 12 ವಾರ ನಡೆದು 2007ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ರಕ್ತದ ಸಕ್ಕರೆಯು ಸುಧಾರಿಸಿತು. ಆದರೆ 29 ಮಂದಿ ಮತ್ತು 12 ವಾರಗಳಿಂದ ಮನುಕುಲದ ಜೀವಮಾನದ ಊಟವನ್ನು ನಿರ್ಣಯಿಸಲಾಗದು.

ಈಟನ್ ಮತ್ತು ಕಾನರರ 1985ರ ಲೇಖನವನ್ನು ಮತ್ತೊಮ್ಮೆ ತೆರೆದರೆ ಸತ್ಯಾಂಶವು ಎಲ್ಲಿದೆಯೆಂಬುದು ಗೊತ್ತಾಗುವುದು. ಬೇಟೆಗಾರನ ಊಟದಲ್ಲಿ ದಿನಕ್ಕೆ ಸುಮಾರು 46 ಗ್ರಾಂ ನಾರು ಇದ್ದಿತೆಂದೂ, ಉಪ್ಪಿನ ಸೋಡಿಯಂ 690 ಮಿಲಿಗ್ರಾಂ ಮಾತ್ರವೆಂದೂ ಅವರು ಅಂದಾಜು ಮಾಡಿದರು. ಇಂದು ವಿಶ್ವ ಆರೋಗ್ಯ ಸಂಸ್ಥೆಯು ವಯಸ್ಕರಿಗೆ ವಿಧಿಸಿರುವ ಮಿತಿಯೇ ಸೋಡಿಯಂ 2,000 ಮಿಲಿಗ್ರಾಂ. ಕಾಡುಪ್ರಾಣಿಗಳ ಶರೀರದಲ್ಲಿ ಕೊಬ್ಬು ಶೇಕಡ 4ರಷ್ಟಿದ್ದರೆ, ಕೊಬ್ಬಿಸಿ ಬೆಳೆಸಿದ ದನಗಳಲ್ಲಿ ಶೇಕಡ 25ಕ್ಕೂ ಹೆಚ್ಚು. ನಾರು ಹೆಚ್ಚು, ಉಪ್ಪು ಕಡಿಮೆ, ಸಕ್ಕರೆ ವಿರಳ, ಮೈಗೆ ದುಡಿಮೆ. ಆದಿಮಾನವನಿಂದ ಕಲಿಯಬೇಕಾದ ನಿಜವಾದ ಪಾಠವು ಇದು.

ಮೇಲೆ ಹೇಳಿದ ಒಂದು ದಿನದ ಗಡಿಯಾರವನ್ನು ಮತ್ತೆ ನೋಡೋಣ. ಬೇಸಾಯವು ರಾತ್ರಿ ಹನ್ನೊಂದಕ್ಕೆ ಬಂದಿತು. ಆದರೆ ತೌಡನ್ನೂ ಮೊಳಕೆಯ ಭಾಗವನ್ನೂ ಪೂರ್ತಿಯಾಗಿ ತೆಗೆದು ಬಿಳಿಯ ಹಿಟ್ಟನ್ನು ರಾಶಿರಾಶಿಯಾಗಿ ಕೊಡುವ ಉಕ್ಕಿನ ಉರುಳೆಯ ಗಿರಣಿಗಳು ಹರಡಿದುದು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ. ಎಂದರೆ ಗಡಿಯಾರದ ಕೊನೆಯ ಮುಕ್ಕಾಲು ನಿಮಿಷದಲ್ಲಿ! ಶರೀರಕ್ಕೆ ಹೊಂದಿಕೊಳ್ಳಲು ಕಾಲವು ಸಾಲದೆ ಹೋಯಿತೆಂಬ ವಾದವು ಧಾನ್ಯಕ್ಕಿಂತ ಹೆಚ್ಚಾಗಿ ಒಪ್ಪುವುದು ಈ ಬಿಳಿಯ ಹಿಟ್ಟಿಗೆ, ಪಾಲಿಷ್ ಮಾಡಿದ ಅಕ್ಕಿಗೆ, ಸೀಸೆಯಲ್ಲಿ ತುಂಬಿದ ಸಕ್ಕರೆ ನೀರಿಗೆ.

ನಮ್ಮ ನೆಲದ ಸಾಕ್ಷಿ

ಕೊನೆಯದಾಗಿ ನಮ್ಮ ನಾಡಿನ ಕಡೆಗೆ ತಿರುಗೋಣ. ಬಳ್ಳಾರಿಯ ಸಮೀಪದ ಸಂಗನಕಲ್ಲು, ಕುಪ್ಪಗಲ್ಲುಗಳ ಬೆಟ್ಟಗಳಲ್ಲಿ ನವಶಿಲಾಯುಗದ ಜನರು ವಾಸಿಸುತ್ತಿದ್ದರು. ಅವರು ದನಗಳನ್ನು ಸಾಕುತ್ತಿದ್ದರು. ಸೆಗಣಿಯ ರಾಶಿಗಳನ್ನು ಸುಟ್ಟುದರಿಂದಾದ ಬೂದಿದಿಬ್ಬಗಳು ಆ ಸೀಮೆಯಲ್ಲಿ ಇಂದಿಗೂ ಕಾಣಸಿಗುತ್ತವೆ. ಅಲ್ಲಿಯ ಮಣ್ಣನ್ನು ನೀರಿನಲ್ಲಿ ಕದಡಿ, ತೇಲಿಬಂದ ಸುಟ್ಟ ಬೀಜಗಳನ್ನು ಪರೀಕ್ಷಿಸಿದಾಗ ತಿಳಿದುದೇನು? ನಾಲ್ಕು ಸಾವಿರ ವರ್ಷಗಳ ಹಿಂದೆ ಅವರು ಉಣ್ಣುತ್ತಿದ್ದುದು ಹುರುಳಿ, ಹೆಸರು, ಕೊರಲೆ! ಇಂದು ನಾವು ಸಿರಿಧಾನ್ಯವೆಂದು ಹೊಸದಾಗಿ ಕೊಂಡಾಡುತ್ತಿರುವ ಕೊರಲೆಯು ಈ ನೆಲದ ಅತ್ಯಂತ ಹಳೆಯ ಬೆಳೆಗಳಲ್ಲಿ ಒಂದು. ರಾಗಿಯು ಅನಂತರ ಪೂರ್ವ ಆಫ್ರಿಕದಿಂದ ಬಂದು ನಮ್ಮದೇ ಆಯಿತು.

ಧಾನ್ಯ ಮತ್ತು ಬೇಳೆಗಳ ಜೋಡಿಯಲ್ಲಿ ಒಂದು ಗುಟ್ಟಿದೆ. ಪ್ರೋಟೀನಿನ ಘಟಕಗಳಲ್ಲೊಂದಾದ ಲೈಸೀನು ಧಾನ್ಯಗಳಲ್ಲಿ ಕಡಿಮೆ, ಬೇಳೆಕಾಳುಗಳಲ್ಲಿ ಹೆಚ್ಚು. ಬೇಳೆಯಲ್ಲಿ ಕೊರತೆಯಾದ ಬೇರೆ ಘಟಕವನ್ನು ಧಾನ್ಯವು ತುಂಬಿಕೊಡುವುದು. ಮಾಂಸವನ್ನು ತಿನ್ನದವರಿಗೂ, ಕೊಳ್ಳಲಾಗದವರಿಗೂ ಈ ಜೋಡಿಯೇ ಆಧಾರ. ಕಾಳುಗಳಲ್ಲಿ ಜೀರ್ಣಕ್ಕೆ ಅಡ್ಡಿಯಾಗುವ ಪದಾರ್ಥಗಳಿವೆಯೆಂದು ಪೇಲಿಯೊ ಪಂಥದವರು ಹೇಳುವುದು ಸುಳ್ಳಲ್ಲ. ಆದರೆ ನೆನೆಯಿಟ್ಟು, ಮೊಳಕೆ ಕಟ್ಟಿ, ಹುದುಗೆಬ್ಬಿಸಿ, ಬೇಯಿಸಿದಾಗ ಅವು ಬಹಳಮಟ್ಟಿಗೆ ಕುಗ್ಗುತ್ತವೆ. ಹುರುಳಿಯನ್ನು ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ ಸಾರು ಮಾಡುವ ನಮ್ಮ ತಾಯಂದಿರು ಈ ರಸಾಯನಶಾಸ್ತ್ರವನ್ನು ಒಲೆಯ ಮುಂದೆಯೇ ಬಲ್ಲವರು. ನೂರು ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಮಿಗಿಂತ ಹೆಚ್ಚು ಕ್ಯಾಲ್ಸಿಯಮಿದೆ. ಬೆಳೆಯುವ ವಯಸ್ಸಿನಲ್ಲಿ ಹಾಲನ್ನೂ ರಾಗಿಯನ್ನೂ ಒಟ್ಟಿಗೆ ತೊರೆದ ವಿದ್ಯಾರ್ಥಿಯು ತನ್ನ ಮೂಳೆಗೆ ಸಲ್ಲಬೇಕಾದುದನ್ನು ಬೇರೆಡೆಯಿಂದ ತರಲು ಶ್ರಮಪಡಬೇಕಾಗುವುದು.

ಇನ್ನೊಂದು ಮಾತು. ಕೇವಲ ಬೇಟೆ, ಸಂಗ್ರಹಗಳಿಂದ ಬದುಕಬೇಕಾದರೆ ಸಾಮಾನ್ಯವಾಗಿ ಒಬ್ಬ ಮನುಷ್ಯನಿಗೆ ಒಂದು ಚದರ ಕಿಲೋಮೀಟರಿಗಿಂತ ಹೆಚ್ಚು ನೆಲವು ಬೇಕು. 2022ರಲ್ಲಿಯೇ 800 ಕೋಟಿಯನ್ನು ಮುಟ್ಟಿದ ನಮ್ಮ ಜನಸಂಖ್ಯೆಗೆ ಆ ದಾರಿಯು ಎಂದೋ ಮುಚ್ಚಿಹೋಗಿದೆ. ಹಿಂದಿರುಗಿ ಹೋಗುವುದು ಸಾಧ್ಯವಿಲ್ಲ, ಹೋಗಬೇಕಾದುದೂ ಇಲ್ಲ. ಎಲೆಯ ಮೇಲೆ ಅನ್ನದ ರಾಶಿಯು ಸ್ವಲ್ಪ ಕುಗ್ಗಲಿ, ಅದರ ಬಿಳುಪೂ ಕುಗ್ಗಲಿ. ಕಾಳು, ಸೊಪ್ಪು, ತರಕಾರಿಗಳು ಹೆಚ್ಚಲಿ. ಸಕ್ಕರೆ ಉಪ್ಪುಗಳ ಮೇಲೆ ಕೈ ಬಿಗಿಯಾಗಲಿ. ಉಂಡುದು ಅರಗುವಷ್ಟು ನಡಿಗೆಯು ಇರಲಿ. ಇಷ್ಟನ್ನು ಮಾಡಿದವರು ಮುದ್ದೆಯನ್ನೂ ಹುರುಳಿಯ ಸಾರನ್ನೂ ಮಜ್ಜಿಗೆಯನ್ನೂ ಎಂದಿನಂತೆ ನೆಮ್ಮದಿಯಿಂದ ಉಣ್ಣಬಹುದು.